ಕೆಂಪು ಗುಂಡಿಗೊಂದು ಸೌಟು

ಕಲ್ಲು ಕೊಯ್ಯುವ ಹುಚ್ಚು ಹತ್ತಿದವರಿಗೆ ಕಲ್ಲಿಗಿಂತ ಹೆಚ್ಚಾಗಿ ಬೇಕಾದದ್ದು ಪುರುಸೊತ್ತು. ದಖನ್ನಿನ ಲಾವಾ ಬಂಡೆಗಳ ಪೊಟರೆಯಲ್ಲಿ ಬೆಳೆದು ಭೀಮಾ ತೀರಕ್ಕೆ ಉರುಳಿ ಬಂದ ಅಗೇಟ್, ಹೊರಗಿನಿಂದ ನೋಡಿದರೆ ಸುಟ್ಟ ಆಲೂಗಡ್ಡೆ. ಒಳಗೆ ಉಂಗುರ ಉಂಗುರವಾಗಿ ಬಣ್ಣ. ಮೋಸ್ ಮಾನದಲ್ಲಿ ಅದರ ಗಡಸುತನ 7ರ ಆಸುಪಾಸು. ಚಾಕುವಿನಿಂದ ಗೀರೂ ಬೀಳದು. ಅಂಚಿಗೆ ವಜ್ರದ ಪುಡಿ ಕೂರಿಸಿದ ಬ್ಲೇಡು ಅದನ್ನು ಕೊಯ್ಯುವುದಲ್ಲ, ತಿಕ್ಕಿ ತಿಕ್ಕಿ ಸವೆಸುವುದು. ಅಷ್ಟೂ ಹೊತ್ತು ಪಕ್ಕದಲ್ಲೇ ಕಾಯಬೇಕು. ತುಂಡಾದ ಬಿಲ್ಲೆ ಕಳಚಿ ತಿರುಗುವ ಬ್ಲೇಡಿಗೆ ಸಿಕ್ಕಿಕೊಂಡರೆ ಬ್ಲೇಡು ಸೊಟ್ಟಗಾಗುತ್ತದೆ. ಅದರ ಬೆಲೆಯನ್ನು ನಾನಿನ್ನೂ ಮನೆಯಲ್ಲಿ ಹೇಳಿಲ್ಲ.

ತಾನಾಗಿ ನಿಲ್ಲುವ ಗರಗಸ ಬೇಕು ಎಂದದ್ದೇ ತಡ, ಸಲಹೆಗಳು ಸುರಿದವು. ಟೈಮರ್ ಹಾಕಿ ಎಂದರು ಪಕ್ಕದ ಮನೆಯವರು. ಒಂದು ಕಲ್ಲು ಹತ್ತು ನಿಮಿಷಕ್ಕೆ ಬಗ್ಗುತ್ತದೆ, ಇನ್ನೊಂದು ಗಂಟೆಯಾದರೂ ಇಲ್ಲ. ಟೈಮರ್‌ಗೆ ಹೇಳುವವರು ಯಾರು? ಎಂಜಿನಿಯರ್ ಸೋದರಳಿಯ ಸೆನ್ಸರ್, ಆ್ಯಪ್ ಎಂದ. ಅವನಿಗೆ ಫ್ಯೂಸ್ ಹಾಕಲು ಬರುವುದಿಲ್ಲ.

ನನಗೆ ಹೊಳೆದದ್ದು ಪಂಪ್‌ಸೆಟ್ಟಿನ ಸ್ಟಾರ್ಟರ್. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಕಾಂಟ್ಯಾಕ್ಟುಗಳನ್ನು ಎಳೆದು ಹಿಡಿಯುತ್ತದೆ, ಕೆಂಪು ಒತ್ತಿದರೆ ಕೈಬಿಡುತ್ತದೆ. ಕರೆಂಟ್ ಹೋದರೂ ಕೈಬಿಡುತ್ತದೆ; ಮತ್ತೆ ಬಂದಾಗ ಮೋಟರು ತಾನಾಗಿ ಓಡುವುದಿಲ್ಲ. ಇನ್ನು ಬೇಕಾದದ್ದು ಕೆಂಪು ಗುಂಡಿ ಒತ್ತಲು ಒಂದು ಹೆಬ್ಬೆರಳು. ಕಲ್ಲು ಕೂತ ಗಾಡಿಯನ್ನು ತೂಕದ ಬಟ್ಟೊಂದು ಬ್ಲೇಡಿನತ್ತ ಎಳೆಯುತ್ತಿರುತ್ತದೆ. ಕಲ್ಲು ತುಂಡಾದೊಡನೆ ಗಾಡಿ ಮುಂದಕ್ಕೆ ಜಾರುತ್ತದೆ. ಗಾಡಿಗೆ ಸೈಕಲ್ ಬ್ರೇಕಿನ ಕೇಬಲ್ ಕಟ್ಟಿ, ಇನ್ನೊಂದು ತುದಿಗೆ ಮರದ ಸೌಟು ಬಿಗಿದೆ. ಗಾಡಿ ಜಾರಿದರೆ ಸೌಟು ಬಾಗಿ ಗುಂಡಿಗೆ ಗುದ್ದಬೇಕು. ಸೌಟು ಎಲ್ಲಿಯದು ಎಂದು ಕೇಳಬೇಡಿ.

ಪರೀಕ್ಷೆಗೆ ಸ್ಟೂಲು ಎಳೆದುಕೊಂಡು ಕೂತೆ.

"ತಾನಾಗೇ ನಿಲ್ಲುತ್ತೆ ಅಂದ್ರಲ್ಲ, ನೀವ್ಯಾಕೆ ಕಾಯ್ತಿದೀರಿ?" ಎಂದಳು ನನ್ನಾಕೆ.

"ನಿಲ್ಲೋದನ್ನ ನೋಡೋಕೆ."

"ನಿಲ್ಲದಿದ್ರೆ?"

"ನಾನು ನಿಲ್ಲಿಸ್ತೀನಿ."

"ಹಾಗಾದ್ರೆ ನನ್ನ ಸೌಟು ಕೊಡಿ."

ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೇಬಲಿನ ಸಡಿಲು ಕೂದಲೆಳೆಯಷ್ಟು ಕಡಿಮೆಯಾಯಿತು. ಸೌಟು ಅಲುಗಿತು. ಇಲ್ಲ, ಅಲುಗಿದ್ದು ನನ್ನ ಕನ್ನಡಕ. ಕನ್ನಡಕ ತೆಗೆದೆ, ಸೌಟೇ ಕಾಣಲಿಲ್ಲ. ಮತ್ತೆ ಹಾಕಿಕೊಂಡೆ. ಕೆಮ್ಮು ಬಂತು, ಸೌಟಿಗೆ ಗಾಳಿ ತಾಗೀತೆಂದು ನುಂಗಿದೆ. ಸೊಳ್ಳೆಯೊಂದು ಬಂದು ಸೌಟಿನ ಮೇಲೆ ಕೂತಿತು. ಅದರ ಭಾರಕ್ಕೆ ಗುಂಡಿ ಒತ್ತಿಹೋದರೆ? ಓಡಿಸಲು ಕೈ ಎತ್ತಿದೆ, ಅಷ್ಟರಲ್ಲಿ ಗರಗಸ ಗಕ್ಕನೆ ನಿಂತಿತು.

"ನಿಂತಿತು!" ಎಂದು ಕೂಗುತ್ತಾ ಬೀದಿಗೆ ಓಡಿದೆ. ಪಕ್ಕದ ಮನೆಯವರು ಆಗಲೇ ಗೇಟಿನಲ್ಲಿದ್ದರು. ಎದುರು ಮನೆಯವರೂ ಇದ್ದರು. ನನ್ನ ಗೆಲುವಿಗೆ ಇಷ್ಟು ಜನವೇ ಎಂದು ಎದೆಯುಬ್ಬಿತು.

"ನಿಮ್ಮನೇಲೂ ಹೋಯ್ತಾ?" ಎಂದರು.

ಕರೆಂಟ್ ಬಂದ ಮೇಲೆ ಮತ್ತೆ ಹಸಿರು ಗುಂಡಿ ಒತ್ತಿದೆ. ಕಲ್ಲು ತುಂಡಾಯಿತು, ಸೌಟು ಗುದ್ದಿತು, ಗರಗಸ ನಿಂತಿತು. ನೋಡಲು ಯಾರೂ ಇರಲಿಲ್ಲ.

"ಇಷ್ಟೆಲ್ಲ ಯಾಕೆ ಮಾವ, ಗ್ರೈಂಡರ್ ಹಿಡಿದು ಒಣದಾಗೇ ಕೊಯ್ದುಬಿಡಿ" ಎಂದ ಸೋದರಳಿಯನ ಮೇಲೆ ಮಾತ್ರ ನಿಜಕ್ಕೂ ರೇಗಿದೆ. ಅಗೇಟ್ ಎಂದರೆ ಸಿಲಿಕಾ. ಗರಗಸದ ಪೆಟ್ಟಿಗೆಯಲ್ಲಿ ಎಣ್ಣೆ ಇರುವುದು ಬರೀ ತಂಪಿಗಲ್ಲ, ಧೂಳು ಏಳದಿರಲಿ ಎಂದೂ ಹೌದು. ಗುಜರಾತಿನ ಖಂಬಾತಿನಲ್ಲಿ ಅಗೇಟ್ ಮಣಿ ಉಜ್ಜುವ ಎಷ್ಟೋ ಜನ ಆ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಸತ್ತಿದ್ದಾರೆ. ಅದು ಗುಣವಾಗುವ ಕಾಯಿಲೆಯಲ್ಲ. ನಮ್ಮದು ಹುಚ್ಚು, ಅವರದು ಹೊಟ್ಟೆಪಾಡು.

ನಿಮಗೂ ಈ ಹುಚ್ಚಿದ್ದರೆ ಕಲ್ಲನ್ನು ಒಣದಾಗಿ ಕೊಯ್ಯಬೇಡಿ, ಸ್ಟಾರ್ಟರನ್ನು ಎಣ್ಣೆ ಸಿಡಿಯದ ಕಡೆ ಕೂರಿಸಿ, ವೈರಿಂಗನ್ನು ಬಲ್ಲವರಿಂದ ಮಾಡಿಸಿ. ಸೌಟನ್ನು ಅಂಗಡಿಯಿಂದಲೇ ತನ್ನಿ.