ದೃಷ್ಟಿ ತಾಗೀತು

ಮಗಳನ್ನು ಕಾರಿನಲ್ಲಿ ಹಿಮ್ಮುಖವಾಗಿ ಕೂರಿಸಬೇಕು ಅಂದಾಗ ಅಮ್ಮ ನಂಬಲಿಲ್ಲ. “ಅಷ್ಟೊಂದು ದುಡ್ಡು ಸುರಿದು ಸೀಟು ತಂದು, ಮಗೂನ ಮೂಲೆಗೆ ಮುಖ ಮಾಡಿ ಕೂರಿಸ್ತೀಯಲ್ಲೋ, ಅದೇನು ತಪ್ಪು ಮಾಡಿದೆ?” ಎಂದರು. ಎಳೆಮಗುವಿಗೆ ತಲೆ ಭಾರ, ಕತ್ತು ಎಳಸು. ಜೋರಾಗಿ ಬ್ರೇಕ್ ಹೊಡೆದರೆ ಸೀಟಿನ ಬೆನ್ನೇ ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ತಡೆದುಕೊಳ್ಳುತ್ತೆ ಎಂದು ವಿವರಿಸಿದೆ. ಮುಂದಿನ ಸೀಟಿನಲ್ಲಿ ಹೀಗೆ ಕೂರಿಸಿದರೆ ಏರ್‌ಬ್ಯಾಗೇ ಬಿಚ್ಚಿಕೊಂಡು ಮಗುವಿನ ಸೀಟಿಗೆ ಬಡಿಯುತ್ತೆ, ಅದಕ್ಕೇ ಹಿಂದೆ ಅಂದೆ. ಅಮ್ಮ ಆಕಳಿಸಿದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿದೆ, ಮಕ್ಕಳನ್ನು ಬೆಲ್ಟಿಲ್ಲದೆ, ಮಕ್ಕಳ ಸೀಟೂ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ ಎಂದೆ. “ಅದನ್ನ ಮೊದಲೇ ಹೇಳಬಾರದಾ?” ಎಂದು ತಕ್ಷಣ ಒಪ್ಪಿಕೊಂಡರು.

ಕಷ್ಟ ಶುರುವಾಗಿದ್ದು ಅಲ್ಲಿಂದಲೇ. ಹೆಂಡತಿ ಏಳಕ್ಕೇ ಕ್ಯಾಬ್ ಹತ್ತುತ್ತಾಳೆ. ಕೆಂಗೇರಿಯಿಂದ ಮಗಳನ್ನು ರಾಜಾಜಿನಗರದ ಅಮ್ಮನ ಮನೆಗೆ ಮುಟ್ಟಿಸುವ ಜವಾಬ್ದಾರಿ ನನ್ನದು. ನಾಯಂಡಹಳ್ಳಿಯ ದಯೆಯಿಂದ ಅದು ಒಂದು ಗಂಟೆಯ ಯಾತ್ರೆ. ಕನ್ನಡಿಯಲ್ಲಿ ಕಾಣುವುದು ಸೀಟಿನ ಬೆನ್ನು ಮಾತ್ರ. ಮಗು ಅತ್ತರೆ ಯಾಕೆ ಅಳುತ್ತಿದೆ ಎಂಬ ಚಿಂತೆ. ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂಬ ಅದಕ್ಕಿಂತ ದೊಡ್ಡ ಚಿಂತೆ.

ಹೀಗಾಗಿ ಕ್ಯಾಮೆರಾ ಬಂತು. ಮೊಬೈಲಿಗೆ ಆ್ಯಪ್ ಹಾಕಿಕೊಂಡು ನೋಡುವಂಥದ್ದು ಬೇಡ ಎಂದ ನನ್ನ ಭಾವಮೈದ. ಅದು ಇಂಟರ್‌ನೆಟ್ಟಿಗೆ ಅಂಟಿಕೊಂಡ ಕ್ಯಾಮೆರಾ, ಡಬ್ಬಿಯಲ್ಲಿ ಬಂದ ಪಾಸ್‌ವರ್ಡನ್ನೇ ಬಿಟ್ಟರೆ ಊರವರೆಲ್ಲ ನಿನ್ನ ಮಗಳನ್ನು ನೋಡಬಹುದು ಅಂತ ಹೆದರಿಸಿದ. ಸರಿ, ಹಿಂದೊಂದು ಕಣ್ಣು, ಮುಂದೊಂದು ಪುಟ್ಟ ಪರದೆ, ನಡುವೆ ಇಂಟರ್‌ನೆಟ್ಟಿನ ಹಂಗಿಲ್ಲದ್ದನ್ನೇ ತಂದೆ. ಅಮ್ಮ ಅದನ್ನು ಸುತ್ತೆಲ್ಲ ನೋಡಿ, “ದಿನಾ ಒಂದು ಗಂಟೆ ರೆಪ್ಪೆ ಹೊಡೀದೆ ಮಗೂನೇ ದಿಟ್ಟಿಸ್ತಾ ಕೂತಿದ್ದರೆ ದೃಷ್ಟಿ ತಾಗದೆ ಇರತ್ತೇನೋ?” ಎಂದರು. ನಕ್ಕುಬಿಟ್ಟೆ.

ಮೊದಲ ದಿನ ಸ್ವರ್ಗ. ಮಗಳು ತನ್ನ ಬಲಗಾಲಿನ ಸಾಕ್ಸನ್ನು ಎಡಗಾಲಿಂದ ಜಾರಿಸಿ, ಅದರ ತುದಿಯನ್ನು ಬಾಯಿಗೆ ತಂದುಕೊಳ್ಳುವ ಇಡೀ ಕಾರ್ಯಾಚರಣೆಯನ್ನು ಸಿಗ್ನಲ್ಲಿನಲ್ಲಿ ನೋಡಿದೆ. ಹಸಿರು ದೀಪ ಬಿದ್ದದ್ದು ನನಗೆ ಬಿಟ್ಟು ಹಿಂದಿದ್ದ ಆಟೋ, ಟೆಂಪೊ, ಬಿಎಂಟಿಸಿಗಳಿಗೆಲ್ಲ ಕಂಡಿತ್ತು. ಅವರ ಹಾರನ್ನಿಗೆ ಸಾಕ್ಸು ಬಾಯಿಂದ ಬಿತ್ತು, ಅಳು ಶುರುವಾಯಿತು. ಮಾಗಡಿ ರಸ್ತೆಯ ಅಂಡರ್‌ಪಾಸಿಗೆ ಇಳಿದೊಡನೆ ಕ್ಯಾಮೆರಾ ರಾತ್ರಿಯಾಯಿತೆಂದು ತಿಳಿದು ಕಪ್ಪುಬಿಳುಪಿಗೆ ತಿರುಗಿತು. ಮಗಳ ಎರಡು ಕಣ್ಣೂ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದವು. ಅತಿಕೆಂಪು ಬೆಳಕು ಪಾಪೆಯೊಳಗಿಂದ ತಿರುಗಿ ಬಂದರೆ ಹಾಗೆ ಕಾಣುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆವತೆ.

ಎಚ್ಚರವಿರುವ ಮಗು ಹೇಗೋ ಆಗುತ್ತೆ. ನಿದ್ದೆ ಮಾಡುವ ಮಗುವಿನದೇ ಕಾಟ. ಅಂಗೈಯಗಲದ ಪರದೆಯಲ್ಲಿ ಎದೆ ಏರಿಳಿಯುವುದು ಕಾಣುವುದಿಲ್ಲ. ಕಂಡಂತಾದರೂ ಅದು ರಸ್ತೆಯ ಕುಲುಕಾಟವೋ ಉಸಿರೋ ತಿಳಿಯುವುದಿಲ್ಲ. ಉಸಿರಾಡ್ತಿದ್ದಾಳಾ? ಇನ್ನೊಮ್ಮೆ ನೋಡಿಬಿಡೋಣ. ನೋಡಿದ್ದಾಯ್ತು, ಖಾತ್ರಿಗೆ ಇನ್ನೊಮ್ಮೆ.

ಒಂದು ರಾತ್ರಿ ಲೆಕ್ಕ ಹಾಕಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡೇ ಸೆಕೆಂಡು ಪರದೆ ನೋಡಿದರೆ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ. ಬೆಂಗಳೂರಿನ ಅಳತೆಯಲ್ಲಿ ಹೇಳಬೇಕೆಂದರೆ, 30-40ರ ಸೈಟುಗಳನ್ನು ಉದ್ದಕ್ಕೆ ಜೋಡಿಸಿದರೆ ಎರಡೂಮುಕ್ಕಾಲು ಸೈಟು. ಅಷ್ಟು ದೂರ ನಾನು ಕಣ್ಣುಮುಚ್ಚಿ ಗಾಡಿ ಓಡಿಸುತ್ತಿದ್ದೆ, ಅದೂ ಮಗುವಿನ ಕ್ಷೇಮಕ್ಕಾಗಿ! ಹೆಂಡತಿಗೆ ಈ ಲೆಕ್ಕ ತೋರಿಸುವ ಧೈರ್ಯ ಮಾಡಲಿಲ್ಲ.

ಆಮೇಲೆ ಬಂತು ಹಂಪಿನ ದಿನ. ಬಣ್ಣ ಬಳಿಯದ, ಬೋರ್ಡಿಲ್ಲದ, ಬೆಳಗಾಗುವುದರೊಳಗೆ ಹುಟ್ಟಿಕೊಂಡ ಹಂಪು. ಕಾರು ಎಗರಿತು, ಪರದೆಯಲ್ಲಿ ಮಗಳು ಮಾಯವಾಗಿ ಬರೀ ಕತ್ತಲೆ. ಹಿಂದಿನಿಂದ ಸದ್ದೂ ಇಲ್ಲ. ದೀಪಾಂಜಲಿನಗರದ ಬಳಿ ಇಂಡಿಕೇಟರ್ ಹಾಕಿ, ಬೈಗುಳ ಕೇಳಿಸಿಕೊಂಡು, ಎಡಕ್ಕೆ ನಿಲ್ಲಿಸಿ ಬಾಗಿಲು ತೆಗೆದೆ. ಕ್ಯಾಮೆರಾ ಮಗಳ ಮಡಿಲಲ್ಲಿ ಮಕಾಡೆ ಬಿದ್ದಿತ್ತು. ಅದರ ವೈರನ್ನು ಎರಡು ಕೈಯಲ್ಲೂ ಹಿಡಿದು ಚೀಪುತ್ತಾ, ನನ್ನನ್ನು ನೋಡಿ ಕೇಕೆ ಹಾಕಿದಳು.

ಅವಳು ನಕ್ಕಳು. ನನ್ನ ಮೊಣಕಾಲು ನಡುಗುತ್ತಿತ್ತು. ಅದೇ ವೈರು ಕತ್ತಿಗೆ ಸುತ್ತಿಕೊಂಡಿದ್ದರೆ? ಮಗು ಹಿಂದಕ್ಕೆ ಮುಖ ಮಾಡಿ ಕೂತಿರುತ್ತದೆ, ಕ್ಯಾಮೆರಾ ಅದರ ಎದುರಿಗೇ ಹೆಡ್‌ರೆಸ್ಟಿಗೆ ತೂಗಿರುತ್ತದೆ. 50ರ ವೇಗದಲ್ಲಿದ್ದ ಗಾಡಿ ಗುದ್ದಿ ನಿಂತರೆ ಸಡಿಲವಾಗಿರುವ ವಸ್ತು ನಿಲ್ಲುವುದಿಲ್ಲ, ಅದೇ 50ರಲ್ಲಿ ಮುಂದಕ್ಕೆ ಹಾರುತ್ತದೆ. ಮುಂದಕ್ಕೆ ಎಂದರೆ ನೇರ ಮಗಳ ಮುಖಕ್ಕೆ. ಮಾರಿದವನು ಕೊಟ್ಟಿದ್ದು ಶಾಲಾಮಕ್ಕಳ ಟಿಫನ್ ಬ್ಯಾಗಿನ ಪಟ್ಟಿಯಂಥ ಒಂದು ಎಳೆ.

ಆ ಭಾನುವಾರವೆಲ್ಲ ಅದೇ ಕೆಲಸ. ಹೆಡ್‌ರೆಸ್ಟಿಗೆ ಅಡ್ಡಕ್ಕೆ, ಉದ್ದಕ್ಕೆ ಎರಡು ಪಟ್ಟಿ ಬಿಗಿದು, ಕೈಯಿಂದ ಎಳೆದರೂ ಅಲುಗದ ಹಾಗೆ ಮಾಡಿದೆ. ವೈರನ್ನು ಸೀಟಿನ ಹೊಲಿಗೆಯೊಳಗೆ ತೂರಿಸಿ ಮಗಳ ಕೈಗೆ, ಕಾಲಿಗೆ (ಕಾಲೂ ಮುಖ್ಯ, ಸಾಕ್ಸಿನ ಕಥೆ ಕೇಳಿದಿರಲ್ಲ) ಎಟುಕದಂತೆ ಸಾಗಿಸಿದೆ. ಪರದೆಯನ್ನು ಗಾಜಿನಿಂದ ಕಿತ್ತು ಡ್ಯಾಶ್‌ಬೋರ್ಡಿನ ತಗ್ಗಿಗೆ ಇಳಿಸಿದೆ. ಬಿಸಿಲಿಗೆ ನಿಲ್ಲಿಸುವಾಗ ಅದನ್ನು ಬಿಚ್ಚಿ ಜೊತೆಗೇ ಒಯ್ಯುತ್ತೇನೆ. ಬ್ಯಾಟರಿಗೆ ಕಾದ ಕಾರು ಒಳ್ಳೆಯದಲ್ಲ. ಮಗುವನ್ನಂತೂ ಒಂದು ನಿಮಿಷಕ್ಕೂ ಬಿಡುವುದಿಲ್ಲ. ಕ್ಯಾಮೆರಾ ನೋಡುತ್ತಿದೆಯಲ್ಲ ಎಂದು ಹಾಲಿನ ಪ್ಯಾಕೆಟ್ ತರಲು ಇಳಿಯುವವರಿದ್ದರೆ, ಆ ಕ್ಯಾಮೆರಾಕ್ಕೆ ಬಾಗಿಲು ತೆಗೆಯಲು ಕೈಯಿಲ್ಲ ಎಂಬುದು ನೆನಪಿರಲಿ.

ಸೋಮವಾರ ಸಂಜೆ ಅಮ್ಮನ ಮನೆಯಿಂದ ಮಗಳನ್ನು ಕೂರಿಸಿಕೊಂಡು ಪರದೆ ಹಚ್ಚಿದರೆ ನಡುಮಧ್ಯೆ ಕರ್ರಗಿನ ಒಂದು ಮಚ್ಚೆ. ಮಗಳ ಕೈಕಾಲು ಕಾಣುತ್ತವೆ, ಮುಖವಿರಬೇಕಾದಲ್ಲಿ ಅಮಾವಾಸ್ಯೆ. ಇಳಿದು ನೋಡಿದೆ. ಲೆನ್ಸಿನ ಮೇಲೆ ಕಾಡಿಗೆ. ಅಮ್ಮ ಗೇಟಿನಲ್ಲೇ ನಿಂತಿದ್ದರು.

“ಡಾಕ್ಟ್ರು ಬೇಡ ಅಂದ್ರು ಅಂತ ಮಗೂಗೆ ಕಾಡಿಗೆ ಹಚ್ಚಬೇಡಿ ಅಂದಿದ್ದು ನೀವೇ ಅಲ್ವಾ? ಅದಕ್ಕೇ ನೋಡೋ ಕಣ್ಣಿಗೇ ಇಟ್ಟೆ.”

ಎರಡು ವಾರವಾಯಿತು, ಆ ಬೊಟ್ಟನ್ನು ನಾನು ಒರೆಸಿಲ್ಲ. ಗಾಡಿ ಓಡುವಾಗ ಪರದೆ ಆರಿರುತ್ತದೆ. ಮಗಳು ಅತ್ತರೆ ಕಿವಿಗೇ ಕೇಳುತ್ತದೆ. ನಾಯಂಡಹಳ್ಳಿ ದಾಟಿದ ಮೇಲೆ ಪೆಟ್ರೋಲ್ ಬಂಕಿನೊಳಗೆ ನಿಲ್ಲಿಸಿ, ಹಿಂದೆ ಹೋಗಿ, ಮುಖ ನೋಡಿ ಬರುತ್ತೇನೆ. ಬಂಕಿನ ಹುಡುಗರಿಗೆ ಈಗ ಅವಳ ಹೆಸರೂ ಗೊತ್ತು.