ಮನೆಪಟ್ಟಿಗೆ ಸ್ಕ್ಯಾನರ್

ಹಾನಗಲ್ ಕಡೆಯ ನಮ್ಮ ಹಳ್ಳಿಗೆ ಮನೆಪಟ್ಟಿ ವಸೂಲಿಗೆ ಬಿಲ್ ಕಲೆಕ್ಟರ್ ಬಂದನೆಂದರೆ ಓಣಿಯ ಗಂಡಸರಿಗೆಲ್ಲ ಒಮ್ಮೆಲೇ ಹೊಲದ ನೆನಪಾಗುತ್ತಿತ್ತು. ಹೆಂಡತಿ ಹೊಸ್ತಿಲಲ್ಲಿ ನಿಂತು 'ಅವ್ರು ಊರಾಗಿಲ್ರೀ' ಅನ್ನುವಾಗ ಒಳಗಿನಿಂದ ಅವರ ಕೆಮ್ಮು ಕೇಳಿಸುತ್ತಿತ್ತು. ನಮ್ಮ ಕಾಕಾನ ಪಟ್ಟು ಬೇರೆ. ಐನೂರರ ಗರಿಗರಿ ನೋಟು ತೆಗೆದು 'ಚಿಲ್ಲರ ಐತೇನ್ರೀ?' ಎಂದು ಕೇಳುವುದು, ಇಲ್ಲವೆಂದ ಕೂಡಲೇ ಅದನ್ನು ಮತ್ತೆ ಕಿಸೆಗೆ ಇಳಿಸುವುದು. ವರ್ಷವರ್ಷವೂ ತೋರಿಸಿದ್ದು ಅದೇ ನೋಟು ಎಂದು ನನ್ನ ಗುಮಾನಿ. 2016ರ ನವೆಂಬರ್‌ನಲ್ಲಿ ಪಾಪ, ನೋಟೇ ರದ್ದಾಯಿತು.

ಈಗ ಬಿಲ್ ಕಲೆಕ್ಟರ್ ಕೈಯಲ್ಲಿ ಸ್ಕ್ಯಾನರ್ ಇದೆ, ರಸೀದಿ ಕಕ್ಕುವ ಮಷಿನ್ ಇದೆ. 347 ರೂಪಾಯಿ ಎಂದರೆ 347; ಚಿಲ್ಲರೆಯ ಮಾತೇ ಇಲ್ಲ. ಆದರೆ ಹೊಸ ನೆಪ ಹುಟ್ಟಲು ವಾರವೂ ಹಿಡಿಯಲಿಲ್ಲ. ಪಕ್ಕದ ಮನೆ ಅಜ್ಜ ಫೋನು ಹಿಡಿದು ಮಾಳಿಗೆ ಏರಿ, 'ನೋಡಪಾ ತಮ್ಮಾ, ಬರೇ ತಿರಗಾಕತ್ತೈತಿ' ಎಂದ. ತಿರುಗುತ್ತಿದ್ದುದು ನಿಜ. ಬಿಲ್ ಕಲೆಕ್ಟರ್ ಓಣಿ ದಾಟಿದ್ದೇ ತಡ, ಅದೇ ಫೋನಿನಲ್ಲಿ ಮೊಮ್ಮಗ ಕ್ರಿಕೆಟ್ ಹಚ್ಚಿಕೊಂಡು ಕೂತ.

ಪಟ್ಟಣದವರಿಗೆ ಲೆಕ್ಕ ಇನ್ನೂ ಬಿಗಿ. ಶಿಗ್ಗಾವಿಯಿರಲಿ, ಹಿರೇಕೆರೂರಿರಲಿ, ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಮನೆಯಲ್ಲೇ ಕೂತು ಫೋನಿನಲ್ಲಿ ಕಟ್ಟಬಹುದು ಎಂದಮೇಲೆ ಪುರಸಭೆಯ ಸರತಿ ಸಾಲನ್ನು ಬೈಯುವ ಸುಖವೂ ಹೋಯಿತು.

ಸವಣೂರಿನ ಎಲೆ ಬುಟ್ಟಿಯ ಪಕ್ಕದಲ್ಲೂ ಸ್ಕ್ಯಾನರ್ ಕೂತ ಕಾಲಕ್ಕೆ, 2025ರ ಜುಲೈಯಲ್ಲಿ, ನಮ್ಮ ಜಿಲ್ಲೆಯೇ ಸುದ್ದಿಯಾಯಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ನಾಲ್ಕು ವರ್ಷದ ಯುಪಿಐ ವಹಿವಾಟು 1.63 ಕೋಟಿ ಎಂದು ಲೆಕ್ಕ ಹಾಕಿ 29 ಲಕ್ಷದ ಜಿಎಸ್‌ಟಿ ನೋಟಿಸು! ತಾಜಾ ಬದನೆಕಾಯಿಗೆ ಜಿಎಸ್‌ಟಿ ಇಲ್ಲವೆಂಬುದು ನೋಟಿಸಿಗೆ ಗೊತ್ತಿರಲಿಲ್ಲವೋ ಏನೋ. ಬೆಂಗಳೂರಿನ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಎದ್ದವು. ಹೀಗೆ ಒಂದು ತೆರಿಗೆಗೆ ಹೆದರಿ ಅಂಗಡಿಯವರು ಸ್ಕ್ಯಾನರ್ ಕೀಳುತ್ತಿರುವಾಗಲೇ ಇನ್ನೊಂದು ತೆರಿಗೆಗಾಗಿ ಪಂಚಾಯ್ತಿಗಳು ಗೋಡೆಗೆ ಸ್ಕ್ಯಾನರ್ ಅಂಟಿಸುತ್ತಿದ್ದವು.

ನನ್ನದೊಂದು ಸಲಹೆಯಿತ್ತು. ಕಿರಾಣಿ ಅಂಗಡಿಯ ಡಬ್ಬಿ ಹತ್ತು ರೂಪಾಯಿ ಬಂದರೂ ಊರಿಗೆ ಕೇಳುವಂತೆ ಸಾರುತ್ತದೆ. ಪಂಚಾಯ್ತಿ ಕಟ್ಟೆಯ ಮೇಲೂ ಅಂಥದೊಂದು ಇಟ್ಟು, ಪಟ್ಟಿ ಕಟ್ಟಿದವರ ಹೆಸರು ಕೂಗಿಸಿದರೆ? ಮರ್ಯಾದೆಗೆ ಅಂಜಿಯಾದರೂ ಸಂಜೆಯೊಳಗೆ ವಸೂಲಿ ಮುಗಿದೀತು. ನಮ್ಮ ಓಣಿಯ ಮೆಂಬರ್ ಸಾಹೇಬರ ಮುಂದೆ ಇದನ್ನು ವಿವರಿಸಿದೆ. ಅವರು ಅಡಿಕೆ ಅಗಿಯುತ್ತ ಪೂರಾ ಕೇಳಿಸಿಕೊಂಡು, 'ಯಾರ‍್ಯಾರು ಕಟ್ಟಿಲ್ಲ ಅನ್ನೂದೂ ಗೊತ್ತಾಗತೈತಲ್ರೀ?' ಅಂದರು.

'ಅದಕ್ಕ ಅಲ್ಲೇನ್ರೀ ಮತ್ತ?'

'ಬ್ಯಾಡ ಬಿಡ್ರೀ. ಸಪ್ಪಳ ಭಾಳ ಆಗತೈತಿ.'