ಡಚ್ಚರ ಹಸಿರು ವಾಕ್ಯ

ಕನ್ನಡಿಗರಿಗೆ ಡಚ್ ಭಾಷೆಯನ್ನು ಬಾಲದ ಕಡೆಯಿಂದ ಕಲಿಸಬೇಕು. ಐಂಡ್‌ಹೋವನ್ನಿನ ಸಂಜೆ ತರಗತಿಯ ಹಿಂದಿನ ಸಾಲಿನಲ್ಲಿ ಕೂತು ನಾನು ಮಾಡಿದ ಸಂಶೋಧನೆ ಇದು. ಅಲ್ಲಿ ಮೊದಲು ಸರಳ ವಾಕ್ಯವಂತೆ, ಆಮೇಲೆ ಕಷ್ಟದ ಉಪವಾಕ್ಯವಂತೆ. ಸ್ವಾಮೀ, ನಮಗೆ ಕಷ್ಟವಿರುವುದೇ ಸರಳ ವಾಕ್ಯದಲ್ಲಿ!

ಅದರಲ್ಲಿ ಕ್ರಿಯಾಪದಕ್ಕೆ ಎರಡನೆಯ ಜಾಗವೇ ಆಗಬೇಕು. 'ನಿನ್ನೆ' ಎಂದು ಮಾತು ಶುರುಮಾಡಿದರೆ ಕರ್ತೃವನ್ನೇ ಆಚೆಗೆ ಸರಿಸಿ ತಾನು ಕೂರುತ್ತದೆ. ಪೂರ್ಣ ಭೂತಕಾಲ ಬಂತೋ, ಕ್ರಿಯಾಪದ ಎರಡು ಹೋಳು. 'ಇಕ್ ಹಾತ್ ಹೆತ್ ಬುಕ್ ಖೆಲೇಝನ್', ನಾನು ಪುಸ್ತಕ ಓದಿದ್ದೆ. 'ಇದ್ದೆ' ಮುಂದೆ, 'ಓದಿ' ಕಟ್ಟಕಡೆಗೆ. ಯಾವಾಗ, ಎಲ್ಲಿ, ಯಾರ ಮನೆಯಲ್ಲಿ ಎಂಬುದನ್ನೆಲ್ಲ ನಡುವೆ ತುರುಕಿ ಕೊನೆ ಮುಟ್ಟುವಷ್ಟರಲ್ಲಿ, ಪುಸ್ತಕ ಓದಿದ್ದೆನೋ ಮಾರಿದ್ದೆನೋ ನನಗೇ ನೆನಪಿರುವುದಿಲ್ಲ.

ಅದೇ 'ಓಮ್‌ದಾತ್' ಅನ್ನಿ, ಅಂದರೆ 'ಏಕೆಂದರೆ'. ತಕ್ಷಣ ಕ್ರಿಯಾಪದಗಳೆಲ್ಲ ತೆಪ್ಪಗೆ ಕೊನೆಗೆ ಹೋಗುತ್ತವೆ: 'ಓಮ್‌ದಾತ್ ಇಕ್ ಹೆತ್ ಬುಕ್ ಖೆಲೇಝನ್ ಹಾತ್'. ಏಕೆಂದರೆ ನಾನು ಪುಸ್ತಕ ಓದಿ ಇದ್ದೆ. ಹೆಚ್ಚುಕಮ್ಮಿ ಕನ್ನಡವೇ! ಸ್ಪೇನಿನವರೂ ಇಂಗ್ಲಿಷರೂ ಬೆವರುತ್ತಿದ್ದಾಗ ನಾನು ಮತ್ತು ಪಕ್ಕದ ತಮಿಳರು ಮಾವನ ಮನೆಗೆ ಬಂದವರಂತೆ ಕಾಲು ಚಾಚಿ ಕೂತಿದ್ದೆವು. ಬೆವರುವವರಿಗೊಂದು ಕಳ್ಳದಾರಿಯುಂಟು, 'ವಾಂತ್'. ಅದೂ 'ಏಕೆಂದರೆ'ಯೇ, ಆದರೆ ಅದರ ಮುಂದೆ ಸರಳ ವಾಕ್ಯದ ಕ್ರಮವೇ ಉಳಿಯುತ್ತದೆ. ನಮಗೆ ಅದು ಬೇಡ. ಊಟದ ಹೊತ್ತಿನಲ್ಲಿ ಕನ್ನಡದ ಕಿವಿಗೆ ಆ ಶಬ್ದ ಹಿತವೂ ಅಲ್ಲ.

ಉಪವಾಕ್ಯದಲ್ಲಿ 'ಹಾತ್ ಖೆಲೇಝನ್' ಎಂದು ತಿರುಗಿಸಿ ಹೇಳಿದರೂ ಸರಿ. ಯಾವ ಊರಿನವರು ಹೇಗೆ ಹೇಳುತ್ತಾರೆಂದು 1953ರಲ್ಲಿ ಪೌವೆಲ್ಸ್ ಎಂಬ ಭಾಷಾವಿದ್ವಾಂಸರು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಿದರು. ಅಂದಿನಿಂದ ಸಹಾಯಕ ಕ್ರಿಯಾಪದ ಮುಂದಿದ್ದರೆ 'ಕೆಂಪು' ಕ್ರಮ, ಹಿಂದಿದ್ದರೆ 'ಹಸಿರು'. ವ್ಯಾಕರಣಕ್ಕೂ ಸಿಗ್ನಲ್ ದೀಪ ಹಾಕಿದ ಜನ ಇವರು! ಬರಹದಲ್ಲಿ ಕೆಂಪಿಗೆ ಮರ್ಯಾದೆ ಹೆಚ್ಚು, ಮಾತಿನಲ್ಲಿ ಹಸಿರಿನ ಓಡಾಟ ಜಾಸ್ತಿ. ಪಕ್ಕದ ಜರ್ಮನ್ ಭಾಷೆಯಲ್ಲಿ ಇಂಥ ಕಡೆ ಹಸಿರೇ. ನಮ್ಮದೂ ಹುಟ್ಟಾ ಹಸಿರು.

ಆದರೆ ಮೂರು ಕ್ರಿಯಾಪದ ಸೇರಿದಾಗ ಈ ಠೇಂಕಾರವೆಲ್ಲ ಇಳಿಯುತ್ತದೆ. ಬರಬೇಕೆಂದುಕೊಂಡಿದ್ದೆ ಎನ್ನಲು 'ಓಮ್‌ದಾತ್ ಇಕ್ ಹಾತ್ ವಿಲ್ಲನ್ ಕೋಮನ್': ಇದ್ದೆ, ಬಯಸಿ, ಬರಲು! ಕನ್ನಡವನ್ನು ಕನ್ನಡಿಯಲ್ಲಿ ಓದಿದ ಹಾಗೆ. ಸಾಲದ್ದಕ್ಕೆ, ಆ 'ಬಯಸಿ' ಎಂಬುದು ಭೂತಕಾಲದ ವೇಷ ಕಳಚಿ ಮೂಲರೂಪದಲ್ಲೇ ನಿಂತಿರುತ್ತದೆ. ಪಠ್ಯದ ಡಚ್ಚಿನಲ್ಲಿ ಇಲ್ಲಿ ಹಸಿರಿನ ಆಟ ನಡೆಯುವುದಿಲ್ಲ.

ಆದ್ದರಿಂದ, ಪರೀಕ್ಷೆಗೆ ಕೂರುವ ಕನ್ನಡ ಬಂಧುಗಳೇ, ಉಪವಾಕ್ಯದಲ್ಲಿ 'ಓದಿ ಇದ್ದೆ' ತರಹದ ಜೋಡಿ ಬಂದರೆ ಧೈರ್ಯವಾಗಿ ಹಸಿರು ಬರೆಯಿರಿ, ಯಾರೂ ಅಂಕ ಕಳೆಯುವಂತಿಲ್ಲ. ಇನ್ನು, ಡಚ್ಚರು ಊಟಕ್ಕೆ ಕರೆದರೆ ತಪ್ಪದೆ ಹೋಗಿಬಿಡಿ. ಬರಬೇಕೆಂದುಕೊಂಡಿದ್ದೆ ಎಂದು ಆಮೇಲೆ ವಿವರಿಸುವುದಕ್ಕಿಂತ ಅದೇ ಸುಲಭ.